ಕರಡಿಗೆ ಹೋದ ಅಂಜಿಕೆ

ಇದನ್ನು ಬರೆಯುವಾಗ ನನ್ನ ಕೈ ನಡುಗಬೇಕಿತ್ತು. ನಡುಗುತ್ತಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಕಟ್ಟುಕಥೆ ಅಂದುಕೊಳ್ಳುವವರು ಅಂದುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಚಿಂಬಲ್‌ಗೆ ಬಂದು ಲಾಲಸಾಬ್ ಕಾಕಾನನ್ನು ಕೇಳಿದರೆ ಅರ್ಧ ಅವರೇ ಹೇಳುತ್ತಾರೆ. ಉಳಿದ ಅರ್ಧಕ್ಕೆ ಸಾಕ್ಷಿ ಇಬ್ಬರೇ. ನಾನು, ಮತ್ತು ಒಂದು ಕರಡಿ.

ನನ್ನ ಹೆಸರು ಪರಸಪ್ಪ, ಊರು ಸಿಂದಗಿ ಕಡೆ. ಪಿಯುಸಿ ಮುಗಿಸಿ ಗೋವಾಕ್ಕೆ ಬಂದು, ಪಣಜಿ ಪಕ್ಕದ ಚಿಂಬಲ್‌ನಲ್ಲಿ ಒಂದು ಖೋಲಿ ಹಿಡಿದು ಕಟ್ಟಡ ಕೆಲಸಕ್ಕೆ ಸೇರಿದವನು. ಹುಟ್ಟಿದಾಗಿನಿಂದ ನಾನು ಪುಕ್ಕಲು. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ, ಯಾಕೆಂದರೆ ಮುಚ್ಚಿಡಲು ಆಗುತ್ತಲೇ ಇರಲಿಲ್ಲ. ಎರಡನೇ ಮಹಡಿಗೆ ಕಟ್ಟಿದ ಸಾರುವೆ ಹತ್ತಿದರೆ ಕಾಲು ತಾನಾಗಿ ನಡುಗುತ್ತಿತ್ತು. ಜೊತೆಯವರು ಕೆಳಗೆ ನಿಂತು ಸೀಟಿ ಹೊಡೆದು ನಗುತ್ತಿದ್ದರು. ಗುಡುಗಿದರೆ ನನ್ನ ಆರು ವರ್ಷದ ಮಗಳು ಭಾಗ್ಯಾ ಹೆದರುತ್ತಿರಲಿಲ್ಲ, ನಾನು ಹೆದರುತ್ತಿದ್ದೆ. ಅವಳು ನನ್ನ ಎದೆಯ ಮೇಲೆ ಅಂಗೈ ಇಟ್ಟು, “ಅಪ್ಪನ ಎದಿ ಮೋಟರ್ ಇದ್ದಂಗ ಹೊಡ್ಕೊಳಾಕತ್ತೈತಿ” ಎಂದು ತನ್ನವ್ವನಿಗೆ ವರದಿ ಕೊಡುತ್ತಿದ್ದಳು. ಹಾಗೆ ಕೈ ಇಟ್ಟುಕೊಂಡೇ ಮಲಗುವುದು ಅವಳಿಗೆ ರೂಢಿಯಾಗಿತ್ತು.

ನನ್ನ ಪುಕ್ಕಲುತನಕ್ಕೆ ನಮ್ಮವ್ವ ಒಂದು ಕಾರಣ ಹೇಳುತ್ತಿದ್ದಳು. ನಾನು ಸಣ್ಣವನಿದ್ದಾಗ ನಮ್ಮೂರಿಗೆ ಕರಡಿ ಆಡಿಸುವವನು ಬರುತ್ತಿದ್ದ. ಮೂಗಿಗೆ ಹಗ್ಗ ಹಾಕಿದ ಕರಡಿ, ಇವನ ಕೈಯಲ್ಲಿ ಡಮರು. ಬಾಗಿಲ ಮುಂದೆ ನಿಂತು “ಅಂಜಿಕಿ ಬಿಡಸ್ತೀನ್ರೀ...” ಎಂದು ಕೂಗುತ್ತಿದ್ದ. ತಾಯಂದಿರು ಕೂಸುಗಳನ್ನು ಎತ್ತಿ ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು. ಹಾಗೆ ಕೂತ ಕೂಸಿನ ಅಂಜಿಕೆಯೆಲ್ಲ ಕರಡಿಗೆ ಹೋಗಿಬಿಡುತ್ತದೆ ಎಂಬ ನಂಬಿಕೆ. ನಮ್ಮ ಓಣಿಯ ಮಕ್ಕಳೆಲ್ಲ ಕೂತರು. ನಾನು ಮಾತ್ರ ಜೋಳದ ಚೀಲಗಳ ಹಿಂದೆ ಅಡಗಿದೆ. ಎಳೆದು ತಂದಾಗ ಉಸಿರು ಕಟ್ಟುವ ಹಾಗೆ ಅತ್ತೆನಂತೆ, ಅವ್ವ ಕೈಬಿಟ್ಟಳು. ಮುಂದೆ ಸರ್ಕಾರ ಕರಡಿ ಆಡಿಸುವುದನ್ನೇ ನಿಲ್ಲಿಸಿತು, ಆ ಮನುಷ್ಯ ಮತ್ತೆ ಬರಲಿಲ್ಲ.

“ಓಣ್ಯಾಗ ನಿನ್ನೊಬ್ಬನ ಅಂಜಿಕಿ ಉಳೀತು ನೋಡು” ಎಂದು ಅವ್ವ ಸಾಯುವವರೆಗೂ ಅನ್ನುತ್ತಿದ್ದಳು.

ಮೇಲೆ ಹತ್ತಲಾರದವನಿಗೆ ಕಟ್ಟಡದಲ್ಲಿ ಕೆಲಸ ಎಷ್ಟು ದಿನ? ಆಳುಗಳನ್ನು ನೋಡಿಕೊಳ್ಳುವ ಮುಕಾದಮ ನನ್ನನ್ನು ಬೇರೆ ಗುತ್ತಿಗೆಗೆ ದಾಟಿಸಿದ. ಕರ್ನಾಟಕದ ಗಡಿಗೆ ತಾಗಿದ ಒಂದು ಅಭಯಾರಣ್ಯ. ಅಲ್ಲಿ ಜಲಪಾತ ನೋಡಲು ಬರುವವರು, ಟ್ರೆಕ್ಕಿಂಗ್‌ನವರು ಬಿಸಾಡಿ ಹೋದ ಪ್ಲಾಸ್ಟಿಕ್ಕು, ಬಾಟಲಿ ಆರಿಸುವ ಕೆಲಸ. ನೆಲದ ಮೇಲಿನ ಕೆಲಸ ಎಂದು ಖುಷಿಯಿಂದ ಒಪ್ಪಿಕೊಂಡೆ. ಪಿಕಪ್ ಗಾಡಿ ಓಡಿಸುವವರು ನಮ್ಮ ಓಣಿಯವರೇ, ಲಾಲಸಾಬ್ ಕಾಕಾ. ಬಾಯಿ ತುಂಬ ಎಲೆಯಡಿಕೆ, ಎದೆ ತುಂಬ ಧೈರ್ಯ. ಆಹಾ, ಎಂಥ ಆರಾಮದ ನೌಕರಿ ಅಂದುಕೊಂಡಿದ್ದೆ.

ಆಮೇಲೆ ಆ ಕರಡಿ ಬಂತು.

ಮೊದಮೊದಲು ಅದು ಸಂಜೆ ಹೊತ್ತು ಕಸದ ಡಬ್ಬಿ ಕೆದಕಿ ಹೋಗುತ್ತಿತ್ತು. ಪ್ರವಾಸಿಗರಿಗೆ ಅದೇ ಒಂದು ತಮಾಷೆ. ಬಾಳೆಹಣ್ಣು ಎಸೆದರು, ಪಾವ್ ಎಸೆದರು, ಮೊಬೈಲ್ ಹಿಡಿದು ವಿಡಿಯೋ ಮಾಡಿದರು. ಬರಬರುತ್ತ ಅದು ಹಗಲಲ್ಲೇ ಬಂತು. ಡೇರೆ ಹರಿದು ಬಿಸ್ಕತ್ತು ತಿಂದಿತು. ಕೊನೆಗೆ ಒಬ್ಬ ಹುಡುಗ ಚಿಪ್ಸ್ ಪಾಕೀಟು ಮುಂದೆ ಹಿಡಿದು ಸೆಲ್ಫಿಗೆ ನಿಂತಾಗ ಅವನ ಮೊಣಕೈಯಿಂದ ಮುಂಗೈವರೆಗೆ ಉಗುರು ಎಳೆದುಬಿಟ್ಟಿತು. ಅವನ ರಕ್ತ ಬಿದ್ದ ಮಣ್ಣನ್ನು ಕೆರೆದು ಹಾಕಿದವನು ನಾನೇ.

ಜಲಪಾತದ ದಾರಿ ಬಂದ್ ಆಯಿತು. ಅರಣ್ಯದವರು ಪಟಾಕಿ ಹಾರಿಸಿದರು, ಡಬ್ಬ ಬಡಿದರು, ಮೆಣಸಿನಕಾಯಿ ಹೊಗೆ ಹಾಕಿದರು. ಕರಡಿ ಸ್ವಲ್ಪ ದೂರ ಹೋಗಿ ಕೂತು ನಮ್ಮನ್ನೇ ನೋಡುತ್ತಿತ್ತು.

“ಇಸ್‌ಕಾ ಡರ್ ಖತಮ್ ಹೋ ಗಯಾ” ಎಂದರು ರೇಂಜರ್ ಸಾಹೇಬರು. ಮನುಷ್ಯರ ಭಯ ಇರುವವರೆಗೆ ಅದು ಕಾಡಿನ ಪ್ರಾಣಿ, ಭಯ ಹೋದ ಮೇಲೆ ಇಂದಲ್ಲ ನಾಳೆ ಅದೂ ಸಾಯುತ್ತದೆ, ಯಾರನ್ನಾದರೂ ಸಾಯಿಸುತ್ತದೆ ಎಂದು ಹೇಳಿದರು. ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಡುವುದು ಎಂದಾಯಿತು. ಮತ್ತೆ ವಾಪಸ್ ಬಂದರೆ ಜೀವಮಾನವೆಲ್ಲ ಪಂಜರ.

ಬೋನು ದೊಡ್ಡದು, ಕಬ್ಬಿಣದ್ದು. ಬಾಗಿಲು ಮೇಲಿಂದ ಕೆಳಗೆ ಬೀಳುವಂಥದ್ದು. ಒಳಗಿನ ಕೊಕ್ಕೆಗೆ ಹಲಸಿನ ಹಣ್ಣು ಕಟ್ಟಬೇಕು, ಕರಡಿ ಅದನ್ನು ಜಗ್ಗಿದರೆ ಹಗ್ಗ ಬಿಟ್ಟುಕೊಂಡು ಬಾಗಿಲು ಬೀಳಬೇಕು. ನಾವು ಒಳಗೆ ಕೆಲಸ ಮಾಡುವಾಗ ಬೀಳದಿರಲಿ ಎಂದು ಬಾಗಿಲ ಕೆಳಗೆ ಒಂದು ಕಬ್ಬಿಣದ ಸರಳನ್ನು ಅಡ್ಡ ಸಿಕ್ಕಿಸುತ್ತಿದ್ದೆವು. ಆ ಸರಳಿನ ತುದಿ ಹೊರಗೆ ಚಾಚಿಕೊಂಡಿರುತ್ತಿತ್ತು. ಅಲ್ಲಿಯ ನೆಲದ ತುಂಬ ಕೆಂಪಿರುವೆ. ಹಾಗಾಗಿ ನಮ್ಮ ಬುತ್ತಿಯ ಚೀಲವನ್ನು ಆ ಸರಳಿಗೇ ನೇತುಹಾಕುವುದು ನಮ್ಮ ಪದ್ಧತಿ. ರೊಟ್ಟಿಗೆ ಇರುವೆ ಹತ್ತಬಾರದು, ಅಷ್ಟೇ ನಮ್ಮ ಲೆಕ್ಕಾಚಾರ.

ಆ ಸಂಜೆ ಬೋನನ್ನು ಹಳ್ಳದ ಪಕ್ಕ, ಪ್ರವಾಸಿಗರು ಡೇರೆ ಹಾಕುವ ಬಯಲಿನ ಅಂಚಿಗೆ ಇಟ್ಟಿದ್ದೆವು. ನಾನು ಒಳಗೆ ಕೂತು ಹಲಸಿನ ಹಣ್ಣಿಗೆ ಬೆಲ್ಲ ಸವರುತ್ತಿದ್ದೆ.

“ತಮ್ಮಾ, ನಾ ಫಾರೆಸ್ಟ್ ಗೇಟಿಗೆ ಹೋಗಿ ಬೋನಿಗೆ ಹೊಚ್ಚಾಕ ತಾಡಪತ್ರಿ ತೊಗೊಂಡ್ ಬರ್ತೀನಿ. ಬುತ್ತಿ ಆಮ್ಯಾಲೆ ಗಾಡ್ಯಾಗ ಕೂತು ಉಣ್ಣೂಣು, ಇದನ್ನ ಒಯ್ತೀನಿ. ನೀ ಕಟ್ಟೋದು ಮುಗಿಸಿ ಹೊರಗ ಬಾ” ಎಂದರು ಕಾಕಾ.

“ಲಗೂ ಬರ್ರಿ ಕಾಕಾ. ಕತ್ತಲಾದ್ರ ನಾ ಇಲ್ಲಿ ಒಬ್ಬಾಂವ ಇರಾಂಗಿಲ್ಲ.”

“ಎಂಥಾ ಅಂಜುಬುರುಕ ಗಂಟ್ ಬಿದ್ದೈತೆಪ ನನಗ!” ನಗುತ್ತ ಚೀಲ ತೆಗೆದುಕೊಂಡು ಹೋದರು. ಚೀಲದ ಹಿಡಿಕೆಯ ಜೊತೆ ಸರಳೂ ಜಾರಿ ಬಂದು ತರಗೆಲೆಯ ಮೇಲೆ ಬಿದ್ದಿದೆ. ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಗಾಡಿಯ ಸದ್ದು ದೂರವಾಯಿತು. ನಾನು ಗಂಟು ಬಿಗಿಯಾಗಲಿ ಎಂದು ಹಣ್ಣನ್ನು ಒಮ್ಮೆ ಜಗ್ಗಿದೆ.

ಧಡ್!

ಬಾಗಿಲು ಬಿತ್ತು. ಹೊರಗಿನ ಚಿಲಕ ತಾನಾಗಿ ಕೂತಿತು. ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು... ಕರಡಿ ಹಿಡಿಯುವ ಬೋನಿನಲ್ಲಿ ನಾನಿದ್ದೆ, ಜೊತೆಗೆ ಬೆಲ್ಲ ಸವರಿದ ಹಲಸಿನ ಹಣ್ಣಿತ್ತು.

ಆ ಬಾಗಿಲನ್ನು ಎತ್ತಲು ಹೊರಗಿನಿಂದ ಇಬ್ಬರು ಬೇಕು. ಒಳಗಿನಿಂದ ಹಿಡಿದು ಎತ್ತಲು ಏನೂ ಇಲ್ಲ, ಕರಡಿಗೆ ಸಿಗಬಾರದೆಂದೇ ಹಾಗೆ ಮಾಡಿದ್ದಾರೆ. ಮೊಬೈಲ್‌ನಲ್ಲಿ ರೇಂಜ್ ಇಲ್ಲ. ಕಾಕಾ ಈಗ ಬರುತ್ತಾರೆ, ಬಂದೇ ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಬೆಳಕು ಹೋಯಿತು. ಜೀರುಂಡೆ ಶುರುವಾದವು. ಕಾಕಾ ಬರಲಿಲ್ಲ. ಬರುವಾಗ ಹಳ್ಳದ ಮರಳಿನಲ್ಲಿ ಗಾಡಿ ಹೂತು ನಿಂತಿತ್ತು, ನಾನು ಬಯಲಿನಾಚೆಯ ಕಾವಲು ಗುಡಿಸಲಿಗೆ ಹೋಗಿ ಮಲಗಿರುತ್ತೇನೆ ಅಂದುಕೊಂಡು ಅವರು ಗಾಡಿಯಲ್ಲೇ ಉಳಿದರು. ಅದೆಲ್ಲ ಆಮೇಲೆ ತಿಳಿದದ್ದು.

ಕತ್ತಲು ಗಟ್ಟಿಯಾದ ಮೇಲೆ ಜೀರುಂಡೆಗಳು ಒಮ್ಮೆಲೇ ನಿಂತವು.

ಮೊದಲು ವಾಸನೆ ಬಂತು. ಒದ್ದೆ ಗೋಣಿಚೀಲ ಕೊಳೆತ ಹಾಗೆ. ಆಮೇಲೆ ಉಸಿರು... ಸೊರ್... ಪುಸ್... ಸೊರ್... ಪುಸ್... ಗೆದ್ದಲು ಹೀರುವಾಗ ಕರಡಿ ಹಾಗೆ ಮಾಡುತ್ತದೆ ಎಂದು ಕೇಳಿದ್ದೆ. ಅದು ಬೋನನ್ನು ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು. ಕಬ್ಬಿಣಕ್ಕೆ ಉಗುರು ತಾಗಿ ಕಿರ್ ಎಂದಿತು.

ನಾನು ನಡುವೆ ಮುದುಡಿ ಕೂತೆ. ಸರಳುಗಳ ನಡುವಿನಿಂದ ಅದರ ಒಂದು ಕೈ ಒಳಗೆ ಬಂತು. ನನ್ನ ಅಂಗಿಗೆ ತಾಗಿತು, ಹಿಂದೆ ಸರಿದೆ. ಬೆನ್ನಿಗೆ ಆ ಕಡೆಯ ಸರಳು ತಾಗಿತು. ಅದು ಸುತ್ತಿ ಆ ಕಡೆ ಬಂತು. ಮತ್ತೆ ನಡುವೆ ಸರಿದೆ. ಅದಕ್ಕೆ ಅವಸರವೇ ಇರಲಿಲ್ಲ. ಹಲಸಿನ ತೊಳೆ ಬಿಡಿಸಿ ಎಸೆದೆ, ತಿಂದು ಮತ್ತೆ ಬಂತು. ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದೆ. ಹಣ್ಣು ಮುಗಿಯಿತು, ಬೆಲ್ಲ ಮುಗಿಯಿತು. ಬೆಲ್ಲದ ವಾಸನೆ ನನ್ನ ಕೈಗೆ, ಮೈಗೆ ಮೆತ್ತಿತ್ತು. ಇನ್ನು ಅದಕ್ಕೆ ಬೇಕಾದದ್ದು ನಾನೇ.

ಚಡ್ಡಿ ಒದ್ದೆಯಾಗಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಭಾಗ್ಯಾ ಇವತ್ತು ಯಾರ ಎದೆಯ ಮೇಲೆ ಕೈ ಇಟ್ಟು ಮಲಗಿದ್ದಾಳೋ ಎಂದು ನೆನೆದು ಅತ್ತೆ. ಅವಳಿಗೋಸ್ಕರವಾದರೂ ಮನೆಗೆ ಹೋಗಬೇಕು ಅನಿಸಿತು. ಆದರೆ ಅನಿಸಿದರೆ ಏನು ಬಂತು? ಮಾಡಲು ಏನೂ ಇರಲಿಲ್ಲ. ಕೂಗಿದೆ, ದನಿ ಬರಲಿಲ್ಲ. ರಾತ್ರಿಯೆಲ್ಲ ಹೀಗೇ, ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ...

ಬೆಳಗಿನ ಜಾವ ಇರಬೇಕು. ಆಗ ಕೇಳಿಸಿತು.

ಡುಗ್... ಡುಗ್... ಡುಗುಡುಗು ಡುಗ್...

ಹಳ್ಳದ ಕಡೆಯಿಂದ. ಸಣ್ಣಗೆ. ಕೈಯಲ್ಲಿ ಆಡಿಸುವ ಡಮರು. ನಾನು ಆ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು, ಆದರೆ ಮೈಗೆ ಗೊತ್ತಾಯಿತು.

ಕರಡಿಯ ಉಸಿರು ನಿಂತಿತು.

ಡಮರು ಹತ್ತಿರ ಬಂತು. ತರಗೆಲೆಯ ಮೇಲೆ ಹೆಜ್ಜೆಯ ಸಪ್ಪಳ ಮಾತ್ರ ಇಲ್ಲ. ಬೀಡಿಯ ಹೊಗೆ, ಬೇವಿನೆಣ್ಣೆಯ ಕಮಟು ವಾಸನೆ. ಬೋನಿನ ಪಕ್ಕದಲ್ಲೇ ಡಮರು ನಿಂತಿತು.

“ಕೂಸು ಐತೇನ್ರಿ ಮನ್ಯಾಗ? ಅಂಜುಬುರುಕ ಕೂಸು?”

ಗಂಡಸಿನ ದನಿ. ನಮ್ಮ ಕಡೆಯ ಮಾತು. ಗಟ್ಟಿಯಾಗಿ ಅಲ್ಲ, ಬಾಗಿಲ ಹೊಸ್ತಿಲಿನಲ್ಲಿ ನಿಂತು ಕೇಳಿದ ಹಾಗೆ.

“ಕಾಕಾ...?” ಎಂದೆ.

ಮೊಬೈಲ್‌ನ ಟಾರ್ಚ್ ಹಾಕಿದೆ. ಚಾರ್ಜು ಸಾಯುವ ಮೊದಲು ಅರೆಕ್ಷಣ ಬೆಳಕು ಬಂತು. ಕರಡಿ ಎರಡು ಕಾಲ ಮೇಲೆ ನಿಂತಿತ್ತು. ಯಾರೋ ಹಗ್ಗ ಹಿಡಿದು ಜಗ್ಗಿದ ಹಾಗೆ ಅದರ ಮೂಗು ಮುಂದಕ್ಕೆ ಚಾಚಿಕೊಂಡಿತ್ತು. ಹಗ್ಗ ಇರಲಿಲ್ಲ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಬೆಳಕು ಆರಿತು.

“ಅಂಜಿಕಿ ಬಿಡಸ್ಲೇನ್ರಿ?”

ಬೇಡ ಅನ್ನಬೇಕಿತ್ತು. ಚಿಕ್ಕವನಿದ್ದಾಗ ಅಂದಿದ್ದೆನಲ್ಲ. ಆದರೆ ಆ ರಾತ್ರಿ ನನ್ನಲ್ಲಿ ಅಂಜಿಕೆ ಎಷ್ಟಿತ್ತೆಂದರೆ ಇನ್ನೊಂದು ಗಳಿಗೆ ಹೊರಲು ನನ್ನಿಂದ ಸಾಧ್ಯವಿರಲಿಲ್ಲ. ಯಾರಾದರೂ ತೆಗೆದುಕೊಂಡು ಹೋಗಲಿ, ಯಾರೇ ಆಗಲಿ...

“ಬಿಡಸ್ರಿ” ಎಂದೆ.

“ಹಂಗಾರ ಕೈ ಇಡ್ರಿ.”

ಕರಡಿ ಕೆಳಗೆ ಬಾಗಿ ಬೋನಿಗೆ ಒತ್ತಿಕೊಂಡು ನಿಂತದ್ದು ಸರಳುಗಳು ಕರಕರ ಅಂದಾಗ ತಿಳಿಯಿತು. ನಾನು ಕೈ ಹೊರಗೆ ಚಾಚಿದೆ. ಹೌದು, ನಾನೇ ಚಾಚಿದೆ. ಒರಟು ಕೂದಲು, ಒಳಗೆ ಬಿಸಿ ಚರ್ಮ, ಅದರೊಳಗೆ ನಿಧಾನಕ್ಕೆ ಬಡಿಯುವ ಗುಂಡಿಗೆ. ನನ್ನದು ಹುಚ್ಚು ಹಿಡಿದ ಹಾಗೆ ಓಡುತ್ತಿತ್ತು.

ಡುಗುಡುಗು ಡುಗ್... ಡುಗುಡುಗು ಡುಗ್...

ಮೊದಲು ಹಲ್ಲು ಕಟಕಟ ಅನ್ನುವುದು ನಿಂತಿತು. ಆಮೇಲೆ ಮೊಣಕಾಲು. ಆಮೇಲೆ ಎದೆ. ತೂತುಬಿದ್ದ ಕೊಡದಿಂದ ನೀರು ಇಳಿದ ಹಾಗೆ ಅಂಜಿಕೆ ನನ್ನ ತೋಳಿನಲ್ಲಿ ಇಳಿದು ಹೋಯಿತು. ಅದು ಹೋದಷ್ಟೂ ನನ್ನ ಅಂಗೈ ಕೆಳಗಿನ ಗುಂಡಿಗೆ ಜೋರಾಯಿತು... ಇನ್ನೂ ಜೋರಾಯಿತು... ಕರಡಿ ನಡುಗತೊಡಗಿತು. ಕೂಸಿನ ಹಾಗೆ ಒಂದು ಸಲ ನರಳಿತು. ಆಮೇಲೆ ಚೀರಿತು. ಅಂಥ ಚೀರು ನಾನು ಯಾವ ಪ್ರಾಣಿಯಿಂದಲೂ ಕೇಳಿಲ್ಲ. ಬಿದಿರು ಮುರಿದುಕೊಂಡು ಓಡಿತು, ಬಹಳ ದೂರದವರೆಗೂ ಓಡುವ ಸದ್ದು ಕೇಳುತ್ತಿತ್ತು.

ಡಮರು ಮತ್ತೆ ಕೇಳಿಸಲಿಲ್ಲ.

ಬೆಳಕು ಹರಿದಾಗ ಕಾಕಾ ಬಂದರು. ಮುಖ ಬಿಳಿಚಿಕೊಂಡಿತ್ತು. ವಾಪಸ್ ಹೋಗಿ ಗಾಡಿಯ ಜಾಕ್ ತಂದರು, ಚಿಲಕ ತೆಗೆದು ಬಾಗಿಲ ಕೆಳಗೆ ಕೊಟ್ಟು ಎತ್ತಿದರು. ನಾನು ತೆವಳಿ ಹೊರಗೆ ಬಂದೆ.

“ಯಾರ್ ಜೋಡಿ ಮಾತಾಡಾಕತ್ತಿದ್ದಿ ತಮ್ಮಾ?”

“ನೀವೂ ಕೇಳಿದ್ರೇನ್ರಿ? ಕರಡಿ ಆಡ್ಸಾಂವ ಬಂದಿದ್ದ. ಡಮರು ಕೇಳಸ್ಲಿಲ್ಲೇನ್ರಿ?”

ಕಾಕಾ ತಲೆ ಅಲ್ಲಾಡಿಸಿದರು. “ಡಮರು ಗಿಮರು ಏನೂ ಇಲ್ಲ. ಜೀವ ತಡೀಲಿಲ್ಲ, ಕತ್ತಲಾಗ ಹೊಂಟು ಬಂದೆ. ಹಳ್ಳದ ಆಚಿ ದಂಡಿಗೆ ನಿಂತು ಕೇಳೇನಿ. ಕೇಳಾಂವನೂ ನೀನ, ಹೇಳಾಂವನೂ ನೀನ. ಎರಡೂ ನಿನ್ನ ದನೀನ. ಮುಂದ ಬರಾಕ ಕಾಲಽ ಏಳಲಿಲ್ಲ ನನಗ.”

ಕಾಕಾ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಂಥ ಮಾತು ಕೇಳಿ ನನಗೂ ಮೈ ಜುಂ ಅನ್ನಬೇಕಿತ್ತು. “ಹೌದೇನ್ರಿ?” ಎಂದಷ್ಟೇ ಅಂದೆ. ಹಸಿವಾಗಿತ್ತು. ಗಾಡಿಗೆ ಹೋಗಿ ಚೀಲದಲ್ಲಿದ್ದ ರೊಟ್ಟಿ ತೆಗೆದು ತಿಂದೆ.

ಅವತ್ತಿನಿಂದ ಕರಡಿ ಬಯಲಿಗೆ ಬರಲಿಲ್ಲ. ಪಟಾಕಿಗೆ ಕೊನೆಗೂ ಹೆದರಿತು ಎಂದು ಸಾಹೇಬರಿಗೆ ಸಂತೋಷ. ಬೋನು ಗೋದಾಮಿಗೆ ಹೋಯಿತು, ಜಲಪಾತದ ದಾರಿ ತೆರೆಯಿತು, ಜನ ಮತ್ತೆ ಬಂದರು, ಮತ್ತೆ ಚಿಪ್ಸ್ ಪಾಕೀಟು ಬಿಸಾಡಿದರು.

ನಾನು ಅದನ್ನು ಇನ್ನೊಂದೇ ಸಲ ನೋಡಿದೆ. ಕಸ ಆರಿಸುತ್ತ ಹಳ್ಳದ ಮೇಲ್ಭಾಗಕ್ಕೆ ಹೋಗಿದ್ದೆ. ಆಚೆ ದಂಡೆಯಲ್ಲಿ ಬಂಡೆಯ ಸಂದಿನಲ್ಲಿ ಮುದುಡಿ ಕೂತಿತ್ತು. ಮೈಯೆಲ್ಲ ಇಳಿದು ಎಲುಬು ಕಾಣುತ್ತಿದ್ದವು. ಗಾಳಿಗೆ ಒಂದು ಪ್ಲಾಸ್ಟಿಕ್ ಚೀಲ ಪಟಪಟ ಅಂದಿತು, ಅಷ್ಟಕ್ಕೇ ಬೆಚ್ಚಿ ಇನ್ನೂ ಒಳಗೆ ಸರಿಯಿತು. ಎಲೆ ಉದುರಿದರೂ ಬೆಚ್ಚುತ್ತಿತ್ತು. ಪಕ್ಕದಲ್ಲೇ ಅತ್ತಿಹಣ್ಣು ಉದುರಿ ಬಿದ್ದಿದ್ದವು, ಎದ್ದು ಬಂದು ತಿನ್ನುವ ಧೈರ್ಯ ಅದಕ್ಕಿರಲಿಲ್ಲ. ಆ ಮುದುಡಿ ಕೂರುವ ರೀತಿ ನನಗೆ ಚೆನ್ನಾಗಿ ಗೊತ್ತು. ನಾನು ಜೋಳದ ಚೀಲಗಳ ಹಿಂದೆ ಕೂತದ್ದು ಹಾಗೆಯೇ. ಪಾಪ, ಅದು ನನ್ನದು, ನನಗೆ ವಾಪಸ್ ಕೊಡು ಅನ್ನಬೇಕೆನಿಸಿ ಕೈ ಚಾಚಿ ನೀರಿಗೆ ಇಳಿದೆ. ನನ್ನನ್ನು ಕಂಡದ್ದೇ ಚೀರಿ ಗುಡ್ಡ ಹತ್ತಿ ಓಡಿತು.

ನಾನು ಕಟ್ಟಡ ಕೆಲಸಕ್ಕೆ ವಾಪಸ್ ಬಂದೆ. ಈಗ ಎಲ್ಲರಿಗಿಂತ ಮೇಲಿನ ಮಹಡಿಯಲ್ಲಿ ನಾನೇ. ಸಾರುವೆಯ ಬೊಂಬಿನ ಮೇಲೆ ಬೆಲ್ಟ್ ಇಲ್ಲದೆ ನಡೆಯುತ್ತೇನೆ. ಮುಕಾದಮನಿಗೆ ಖುಷಿ. ಮೊದಲು ಸೀಟಿ ಹೊಡೆಯುತ್ತಿದ್ದವರು ಈಗ ನನ್ನ ಕಡೆ ನೋಡುವುದಿಲ್ಲ. ಹೆಂಡತಿ ಕಸ್ತೂರಿ ರಾತ್ರಿ ನಿದ್ದೆ ಮಾಡುವುದಿಲ್ಲ.

“ಮೊದಲ ನೀವು ಅಂಜಿ ಅಂಜಿ ನನ್ನ ಜೀವಾ ತಿಂತಿದ್ರಿ. ಈಗ ಅಂಜದಽ ತಿನ್ನಾಕತ್ತೀರಿ” ಎಂದು ಅಳುತ್ತಾಳೆ. ಡಾಕ್ಟರ್‌ಗೆ ತೋರಿಸಿದೆವು. ಶಾಕ್ ಆಗಿದೆ, ಸರಿಹೋಗುತ್ತದೆ ಎಂದರು. ಬೇಕೆಂದೇ ಎರಡು ಸಲ ಆ ಬಯಲಿಗೆ ಹೋಗಿ ಕತ್ತಲಾಗುವವರೆಗೆ ಕೂತು ಬಂದೆ. ಕೂಸು ಐತೇನ್ರಿ ಎಂದು ಯಾರೂ ಕೇಳಲಿಲ್ಲ.

ಇಷ್ಟಾದರೂ ನಡೆದುಹೋಗುತ್ತಿತ್ತೇನೋ. ಆದರೆ ಮೊನ್ನೆ ಸಂಜೆ ಕಾಯಿಪಲ್ಲೆ ತರಲು ಮೂವರೂ ಹೊರಟಿದ್ದೆವು. ಭಾಗ್ಯಾ ನನ್ನ ಕೈ ಬಿಡಿಸಿಕೊಂಡು ರಸ್ತೆಗೆ ಓಡಿದಳು. ಎದುರಿಗೆ ಜಲ್ಲಿ ತುಂಬಿದ ಟಿಪ್ಪರ್ ಬರುತ್ತಿತ್ತು. ನಾನು ನೋಡಿದೆ. ಟಿಪ್ಪರ್ ನೋಡಿದೆ, ಮಗಳನ್ನು ನೋಡಿದೆ, ಇನ್ನೇನಾಗುತ್ತದೆ ಎಂದೂ ಗೊತ್ತಿತ್ತು. ಆದರೆ ಒಳಗಿನಿಂದ ನೂಕಬೇಕಾದ ಅಂಜಿಕೆ ಬರಲಿಲ್ಲ. ಕಾಲು ಎತ್ತಲು ಏನೂ ಇರಲಿಲ್ಲ. ನಿಂತೇ ಇದ್ದೆ. ಹಿಂದಿನಿಂದ ಕಸ್ತೂರಿ ಚೀರುತ್ತ ಹಾರಿ ಕೂಸನ್ನು ಎಳೆದುಕೊಂಡಳು. ಇಬ್ಬರೂ ರಸ್ತೆಯ ಅಂಚಿಗೆ ಬಿದ್ದರು. ಟಿಪ್ಪರ್ ಧೂಳೆಬ್ಬಿಸಿ ಹೋಯಿತು.

ಅವತ್ತು ರಾತ್ರಿ ಭಾಗ್ಯಾ ನನ್ನ ಪಕ್ಕ ಬಂದು ಮಲಗಿದಳು. ಅವಳ ತರಚಿದ ಮೊಣಕಾಲಿಗೆ ಕಸ್ತೂರಿ ಅರಿಶಿನ ಹಚ್ಚಿದ್ದಳು.

“ಅಪ್ಪಾ, ಇವತ್ತ್ ನಿನಗ ಅಂಜಿಕಿ ಆಗ್ಲಿಲ್ಲೇನು?”

“ಆತವ್ವಾ. ಭಾಳ ಅಂಜಿಕಿ ಆತು.”

ಅವಳು ಎಂದಿನ ಹಾಗೆ ನನ್ನ ಎದೆಯ ಮೇಲೆ ಅಂಗೈ ಇಟ್ಟಳು. ಮೋಟರ್ ಓಡುತ್ತಿರಲಿಲ್ಲ, ಎದೆ ನಿಧಾನಕ್ಕೆ ಬಡಿಯುತ್ತಿತ್ತು. ಆಮೇಲೆ ಮೆಲ್ಲಗೆ ಕೈ ತೆಗೆದುಕೊಂಡು, ಎದ್ದು ಹೋಗಿ ಅವಳ ಅವ್ವನ ಆಚೆ ಮಗ್ಗುಲಿಗೆ ಮಲಗಿದಳು.